ತೊಳೆಯದ ಉಣ್ಣೆ

ತೊಳೆಯದ ಉಣ್ಣೆಯನ್ನು ಕೆಲಸಕ್ಕೆ ಮುಟ್ಟಬಾರದು. ನನ್ನ ಹತ್ತಿರ ಕಲಿಯಲು ಬಂದವರಿಗೆಲ್ಲ ತಲೆಗೆ ಮೊಟಕಿ ಮೊಟಕಿ ಇದನ್ನು ಹೇಳಿಕೊಡುವವಳು ನಾನೇ. ಮೊದಲು ಬಿಸಿನೀರು, ಸೋಪು, ಆಮೇಲೆ ಅಂಗೈ ಉರಿಯುವ ತನಕ ತಿಕ್ಕಬೇಕು. ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಕಂಬಳಿಯ ಹಾಗೆ ಗಟ್ಟಿಯಾದ ಮೇಲೆ, ಅದರ ಮೇಲೆ ಬಣ್ಣಬಣ್ಣದ ಉಣ್ಣೆ ಇಟ್ಟು ಸೂಜಿಯಿಂದ ಚುಚ್ಚಿ ಚುಚ್ಚಿ ಚಿತ್ರ ಮಾಡುತ್ತೇನೆ. ಗುಜರಿ ಅಂಗಡಿಯ ಹಳೇ ಫ್ರೇಮನ್ನು ಉಜ್ಜಿ ಹಾಕಿದರೆ ಗೋಡೆಗೆ ಸಿದ್ಧ. "ಹರಕು ಕಂಬಳಿಗೆ ಮುರುಕು ಕಿಟಕಿ" ಎಂದು ಅಣ್ಣ ರೇಗಿಸುತ್ತಿದ್ದ. ಅವನ ಮಗಳು ಪುಟ್ಟಿ ಹೋದ ಮೇಲೆ ರೇಗಿಸುವುದನ್ನೂ ಬಿಟ್ಟ.

ಪುಟ್ಟಿ ಇನ್ನೂ ಹಲ್ಲು ಬೀಳುವ ವಯಸ್ಸಿನವಳು. ಜ್ವರ ಬಂತು, ಆಸ್ಪತ್ರೆಗೆ ಹೋದಳು, ತಿರುಗಿ ಬರಲಿಲ್ಲ. ಹಾಳಾದ್ದು, ಇದಕ್ಕಿಂತ ಹೆಚ್ಚು ಹೇಳಲು ನನಗೆ ಬಾಯಿ ಬರುವುದಿಲ್ಲ.

ಒಂದು ಮಧ್ಯಾಹ್ನ ಅತ್ತಿಗೆ ಪುಟ್ಟಿಯ ಹಳದಿ ಸ್ವೆಟರನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಗಂಟು ಹಾಕಿ ತಂದರು.

"ಇದನ್ನ ಬಿಚ್ಚಿ ಅವಳ ಮುಖ ಮಾಡಿಕೊಡ್ತೀಯಾ? ಆದ್ರೆ ನೀರಿಗೆ ಹಾಕ್ಬೇಡ ಕಣೇ. ಅವಳ ವಾಸನೆ ಇನ್ನೂ ಇದೆ."

"ಅತ್ತಿಗೆ, ತೊಳೀದಿದ್ರೆ ನುಸಿ ಹಿಡಿಯತ್ತೆ. ಬೆವರು, ಎಣ್ಣೆ ಜಿಡ್ಡು ಅಂದ್ರೆ ಆ ಹುಳಕ್ಕೆ ಮೃಷ್ಟಾನ್ನ."

"ತೊಳೆದ್ರೆ ಅದು ಬರೀ ಉಣ್ಣೆ. ಬರೀ ಉಣ್ಣೆ ನಿನ್ನ ಹತ್ರ ಮೂಟೆಗಟ್ಟಲೆ ಇದೆಯಲ್ಲ."

ಊರಿಗೆಲ್ಲ ಬುದ್ಧಿ ಹೇಳುವ ನಾನೇ ನೀರು ಮುಟ್ಟಲಿಲ್ಲ. ಸ್ವೆಟರ್ ಬಿಚ್ಚಿದೆ, ಎಳೆಗಳನ್ನು ಬಾಚಿ ಹತ್ತಿಯ ಹಾಗೆ ಮಾಡಿದೆ, ಒಣ ಸೂಜಿಯಲ್ಲೇ ಮುಖ ಕೂರಿಸಿದೆ. ಕೂದಲಿಗೆ, ಕಣ್ಣಿಗೆ ಮಾತ್ರ ನನ್ನ ಕಪ್ಪು ಉಣ್ಣೆ. ಎತ್ತಿ ಆಡಿಸಿದ ಮಗುವಿನ ಕೆನ್ನೆಗೆ ಸೂಜಿ ಚುಚ್ಚುವ ಕೆಲಸ ಶತ್ರುವಿಗೂ ಬೇಡ ಸ್ವಾಮಿ. ಫ್ರೇಮಿಗೆ ಗಾಜು ಹಾಕಲು ಅತ್ತಿಗೆ ಬಿಡಲಿಲ್ಲ. ಮೂಗು ತಾಗಿಸಬೇಕಿತ್ತಲ್ಲ! ದಿನಾ ಬೆಳಿಗ್ಗೆ ಅದನ್ನು ಗೋಡೆಯಿಂದ ಇಳಿಸಿ ಮೂಸಿ ಮತ್ತೆ ತೂಗುಹಾಕುತ್ತಾರೆಂದು ಅಣ್ಣ ಹೇಳುತ್ತಿದ್ದ.

ಮಳೆಗಾಲ ಮುಗಿಯುವ ಹೊತ್ತಿಗೆ ಅವನ ಫೋನು ಬಂತು.

"ಬೇಗ ಬಾ. ಪುಟ್ಟಿ ಕೆನ್ನೆ ತೂತಾಗಿದೆ."

ಹೋಗಿ ನೋಡಿದೆ. ಒಂದು ಕೆನ್ನೆ ಫ್ರೇಮಿನ ಹಿಂದಿನ ರಟ್ಟಿನವರೆಗೂ ಸವೆದಿತ್ತು. ಸಣ್ಣ ಹುಳುಗಳು ಅವಳ ಸ್ವೆಟರಿನ ಎಳೆಯನ್ನೇ ಮೈಗೆ ಸುತ್ತಿಕೊಂಡು, ಹಳದಿಯಾಗಿ, ತುಟಿಯ ಹತ್ತಿರ ತೆವಳುತ್ತಿದ್ದವು. ಅಣ್ಣ ಆಗಲೇ ಒಲೆಯ ಮೇಲೆ ನೀರಿಟ್ಟಿದ್ದ.

"ಕುದಿನೀರಲ್ಲಿ ಅದ್ದಿದ್ರೆ ಎಲ್ಲ ಸಾಯ್ತವೆ ಅತ್ತಿಗೆ. ಮುಖ ಸ್ವಲ್ಪ ಕುಗ್ಗತ್ತೆ, ಆದ್ರೂ ಉಳಿಯತ್ತೆ. ಕೆನ್ನೆ ನಾನು ತುಂಬಿಕೊಡ್ತೀನಿ."

"ವಾಸನೆ?"

ಸುಳ್ಳು ಹೇಳಬಹುದಿತ್ತು. "ಹೋಗತ್ತೆ" ಎಂದೆ.

"ಈಗ ಮಾತ್ರ ಎಲ್ಲಿದೆ ವಾಸನೆ?" ಅಣ್ಣ ಸಿಡುಕಿದ. "ನಂಗೆ ಬರೀ ಮುಗ್ಗಲು ಹೊಡೀತಿದೆ."

"ನಿಮಗೆ ಬರಲ್ಲ. ನಂಗೆ ಬರತ್ತೆ." ಅತ್ತಿಗೆ ನನ್ನ ಕಡೆ ತಿರುಗಿದರು. "ಮುಖ ಕಣ್ಣು ಮುಚ್ಚಿದ್ರೂ ಕಾಣತ್ತೆ ಕಣೇ. ವಾಸನೆ ಹಾಗಲ್ಲ, ಎಷ್ಟು ಕರೆದ್ರೂ ಬರಲ್ಲ."

ಚಿತ್ರವನ್ನು ಫ್ರೇಮಿನಿಂದ ಕಿತ್ತು ಎರಡೂ ಕೈಯಲ್ಲಿ ಹಿಡಿದು ಮುಖವನ್ನು ಅದರೊಳಗೆ ಹುದುಗಿಸಿದರು. ಕಸಿಯಲು ಹೋದ ಅಣ್ಣನ ತೋಳನ್ನು ನಾನು ಹಿಡಿದೆ. ಅಡುಗೆಮನೆಯಲ್ಲಿ ನೀರು ಕೊತಕೊತ ಕುದಿಯುತ್ತಿತ್ತು. ಒಂದು ಹುಳು ಅತ್ತಿಗೆಯ ಕೊರಳಿಗೆ ಬಿತ್ತು. ಕೊಡವಲು ಕೈ ಚಾಚಿದೆ.

"ಮುಟ್ಬೇಡ," ಎಂದರು ಅತ್ತಿಗೆ, ಮುಖ ಎತ್ತದೆ. "ಅದರ ಹೊಟ್ಟೇಲಿರೋದೂ ಅವಳೇ."

ಅಣ್ಣ ಹೋಗಿ ಒಲೆ ಆರಿಸಿದ.