ಹಂಚಿನ ಅಂಚು

ಟಣ್ ಎಂದಿತು ಹಂಚು.

ಸೆರಗಿಗೆ ಪಿನ್ನು ಚುಚ್ಚಿಕೊಳ್ಳುತ್ತಿದ್ದ ಸಪ್ನಾಳ ಕೈ ಅಲ್ಲೇ ನಿಂತಿತು. ಗೋಡೆಯಾಚೆ ಅಡುಗೆಮನೆಯಲ್ಲಿ ಅತ್ತೆ ಶಟ್ಟೆವ್ವ ಉಸಿರು ಬಿಟ್ಟದ್ದೂ ಕೇಳಿಸಿತು. ಗ್ಯಾಸು ಹೊತ್ತಿಸಿ ತುಸು ಹೊತ್ತಾದರೆ ಸಾಕು, ರೊಟ್ಟಿ ಬೇಯಿಸುವ ಆ ಕಬ್ಬಿಣದ ಹಂಚು ಯಾರೋ ಕೆಳಗಿನಿಂದ ಗುದ್ದಿದ ಹಾಗೆ ಸದ್ದು ಮಾಡಿ ನಡುವೆ ಉಬ್ಬಿ ನಿಲ್ಲುತ್ತಿತ್ತು. ಆಮೇಲೆ ಅದರ ಮೇಲೆ ಬಿದ್ದ ರೊಟ್ಟಿಗೆ ನಡುವೆ ಕರಿ, ಸುತ್ತ ಹಸಿ.

"ಯವ್ವಾ, ಮತ್ತ ಸುಟ್ಟೆಲ್ಲ!" ಗಂಡ ಅಪ್ಪುವಿನ ದನಿ.

"ನಾ ಎಲ್ಲಿ ಸುಟ್ಟೆ? ಹಂಚು ಸುಟ್ಟೈತಿ."

"ಹಂಚಿಗೇನ ಸಿಟ್ಟ ಬಂದಿತ್ತು? ಕೈ ಚುರುಕ ಇದ್ರ ಹಂಚ ಏನ ಮಾಡತೈತಿ?"

"ಹೊಸಾದ ತಂದು ನೋಡೋ ಮಗನ."

"ಹೊಸಾ ಹಂಚ ತರೂದೇನ ದೊಡ್ಡದಲ್ಲಬೇ. ಹೊಸಾ ಕೈ ಎಲ್ಲಿಂದ ತರ್ಲಿ?"

ಹೊಸ ಕೈ ಎಲ್ಲಿಂದ ಬರುತ್ತದೆ ಎಂಬುದು ಗೋಡೆಯ ಈಚೆ ನಿಂತವಳಿಗೆ ಗೊತ್ತಿತ್ತು. ಸವದತ್ತಿ ಬಸ್‌ಸ್ಟ್ಯಾಂಡಿನ ಎದುರಿನ ಈ ಖಾನಾವಳಿಗೆ ಅವಳು ಸೊಸೆಯಾಗಿ ಬಂದು ಎರಡು ವರ್ಷ. ಬೈಲಹೊಂಗಲದ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ ಮುನವಳ್ಳಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಲಗ್ನದ ಮಾತುಕತೆಯಲ್ಲಿ ಅಪ್ಪು, "ಯವ್ವನ ಕೈ ನಡಿಯೂತನಾ ಸಾಲಿಗೆ ಹೋಗ್ಲಿ, ನಂದೇನ ಅಡ್ಡಿ ಇಲ್ಲ" ಅಂದಿದ್ದ. ಆಗ ಅದು ದೊಡ್ಡ ಮನಸ್ಸಿನ ಮಾತಾಗಿ ಕೇಳಿಸಿತ್ತು. ಶಟ್ಟೆವ್ವನ ಕೈ ನಡೆಯದ ದಿನವೊಂದು ಬಂದೀತೆಂದು ಯಾರಿಗೂ ಅನ್ನಿಸಿರಲಿಲ್ಲ. ಆಕೆ ಬಡಿದ ರೊಟ್ಟಿ ತಿನ್ನಲೆಂದೇ ಡಿಪೋದ ಡ್ರೈವರುಗಳು ಊಟದ ಹೊತ್ತನ್ನು ಸವದತ್ತಿಗೆ ಹೊಂದಿಸಿಕೊಳ್ಳುತ್ತಿದ್ದರು.

ಹೋದ ವರ್ಷ ಅಪ್ಪು ಕಟ್ಟಿಗೆಯ ಒಲೆ ಕೆಡವಿ ಗ್ಯಾಸು ತಂದ. ಒಲೆಯಿದ್ದ ಜಾಗದಲ್ಲಿ ತಂಪು ಬಾಟಲಿಗಳ ಪೆಟ್ಟಿಗೆ ಕೂತಿತು. ಹಂಚು ಮಾತ್ರ ಹಳೆಯದೇ ಉಳಿಯಿತು. ಮೊರದಷ್ಟು ಅಗಲ, ಎತ್ತಬೇಕಾದರೆ ಎರಡೂ ಕೈ ಬೇಕು.

ಅಪ್ಪು ಹೊರಗೆ ಹೋದ ಮೇಲೆ ಸಪ್ನಾ ಒಳಗೆ ಇಣುಕಿದಳು. ಶಟ್ಟೆವ್ವ ಸುಟ್ಟ ರೊಟ್ಟಿಯನ್ನು ಬುಟ್ಟಿಯ ತಳಕ್ಕೆ ಸೇರಿಸಿ ಮೇಲೊಂದು ಒಳ್ಳೆಯದನ್ನು ಮುಚ್ಚುತ್ತಿದ್ದಳು.

"ಅತ್ತೀ, ಸಂಜಿಕೆ ನಾ ಇದನ್ನ ಮಲಕಾಜಪ್ಪನ ಕಡೆ ಒಯ್ಯತೇನ್ರಿ. ಸಪಾಟ ಮಾಡಿ ಕೊಡ್ತಾನ."

"ಒಯ್ಯಿ ಯವ್ವಾ," ಎಂದಳು ಶಟ್ಟೆವ್ವ. ಆಮೇಲೆ ದಿನಾ ಹೇಳುವ ಮಾತು: "ನೀ ಹೋಗು, ಬಸ್ಸ ತಪ್ಪತೈತಿ."

ಕಮ್ಮಾರ ಮಲಕಾಜಪ್ಪ ಹಂಚನ್ನು ಅಡಿಗಲ್ಲಿನ ಮೇಲೆ ಬೋರಲು ಹಾಕಿ, ಮತ್ತೆ ಅಂಗಾತ ಹಾಕಿ, ನೆತ್ತಿಯ ಮೇಲೆ ಬೆರಳಿನಿಂದ ಬಡಿದು ನೋಡಿದ. "ಹೊಟ್ಟಿ ಬಂದೈತಿ ನೋಡ್ರಿ ಅಕ್ಕೋರ."

ಕುಲುಮೆಯ ಪಂಖ ತಿರುಗಿಸುತ್ತಿದ್ದ ಅವನ ಹೆಂಡತಿ ಕೆಂಚವ್ವ ನಕ್ಕಳು. "ಎರಡ ವರ್ಷದಾಗ ನಿಮ್ಮ ಮನ್ಯಾಗ ಹಂಚಿಗಷ್ಟ ಹೊಟ್ಟಿ ಬಂತೇನವಾ?"

ಸಪ್ನಾಳೂ ನಕ್ಕಳು. ಆ ನಗುವನ್ನು ಎಲ್ಲಿಡಬೇಕೋ ತಿಳಿಯದೆ ಬೆಂಕಿಯ ಕಡೆ ನೋಡಿದಳು. ತಣಿದ ಮೇಲೂ ತುಸು ಉಬ್ಬೇ ಉಳಿದಿದ್ದ ನೆತ್ತಿಯ ಮೇಲೆ ಮಲಕಾಜಪ್ಪ ಸುತ್ತಿಗೆ ಹಾಕಿದ. ಒಂದೊಂದು ಪೆಟ್ಟಿಗೂ ಅವಳ ಹಲ್ಲುಗಳ ಬೇರು ಜುಮ್ಮೆಂದಿತು. ಕೊನೆಗೆ ಹಂಚು ತೆಪ್ಪಗೆ ನೆಲ ಹಿಡಿದು ಕೂತಿತು. "ತಗೋರಿ, ಇನ್ನ ಏಳೂದಿಲ್ಲ" ಅಂದ. ಗೋಣಿಚೀಲದಲ್ಲಿ ಸುತ್ತಿದ ಹಂಚನ್ನು ಎದೆಗೆ ಒತ್ತಿಕೊಂಡು ಅವಳು ಪೇಟೆಯ ನಡುವೆ ಹಗುರಾಗಿ ನಡೆದಳು.

ಮರುದಿನ ಅದು ಇನ್ನೂ ಬೇಗ, ಇನ್ನೂ ಜೋರಾಗಿ ಟಣ್ ಎಂದಿತು.

ಆ ದಿನ ಅಪ್ಪು ಬೈಯಲಿಲ್ಲ. ಸುಟ್ಟ ರೊಟ್ಟಿಯೊಂದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. "ಕಮ್ಮಾರಂದೂ ಆತು. ಇನ್ನೇನೈತಿ?" ಸಪ್ನಾಳ ಕಡೆ ತಿರುಗಿದ. "ಐತವಾರ ನಿನಗ ಸೂಟಿ ಐತೆಲ್ಲ. ನೀ ಕುಂಡ್ರು ಹಂಚಿನ ಮುಂದ. ನಿನ್ನ ಕೈಯಾಗೂ ಸುಟ್ಟಿತಂದ್ರ ಹಂಚಿಂದ ದೋಷ, ಹೊಸಾದ ತರತೇನಿ. ಸುಡಲಿಲ್ಲಂದ್ರ..."

ಶಟ್ಟೆವ್ವ ಹಿಟ್ಟು ನಾದುವುದನ್ನು ನಿಲ್ಲಿಸಿ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಶನಿವಾರ ಒಂಬತ್ತನೇ ತರಗತಿಗೆ ಶಾಖದ ಪಾಠ. ಮೇಜಿನ ಮೇಲೆ ಸರಪಳಿಗೆ ಕಟ್ಟಿದ ಹಿತ್ತಾಳೆಯ ಗುಂಡು, ಅದು ಸರಿಯಾಗಿ ತೂರಿ ಬೀಳುವಷ್ಟೇ ಅಗಲದ ಉಂಗುರ. ಸಪ್ನಾ ಗುಂಡನ್ನು ದೀಪದ ಮೇಲೆ ಹಿಡಿದು ಕಾಯಿಸಿ ಉಂಗುರದ ಮೇಲಿಟ್ಟಳು. ಗುಂಡು ಅಲ್ಲೇ ಸಿಕ್ಕಿಕೊಂಡು ನಿಂತಿತು.

"ಕಾಯಿಸಿದರೆ ಲೋಹ ಹಿಗ್ಗುತ್ತದೆ. ತಣಿದರೆ ಕುಗ್ಗುತ್ತದೆ."

"ಹಿಗ್ಗೂದಂದ್ರ ಅದಕ್ಕ ಖುಷಿ ಆಗತೈತೇನ್ರಿ ಟೀಚರ್?" ಹಿಂದಿನ ಬೆಂಚಿನಿಂದ ಹಿನಾಕೌಸರ ಕೇಳಿದಳು. ಇಡೀ ವರ್ಗ ನಕ್ಕಿತು.

"ಪಾಪ, ಎಲ್ಲಿ ಖುಷಿ? ಹಿಗ್ಗಾಕ ಜಾಗಾನ ಇಲ್ಲ ಅದಕ್ಕ," ಎಂದಳು ಸಪ್ನಾ, ಪಾಠದ ಭಾಷೆ ಮರೆತು.

ಹೇಳಿ ಮುಗಿಸುವಷ್ಟರಲ್ಲಿ ಅವಳ ಕಣ್ಣು ಉಂಗುರದ ಮೇಲೆ ನೆಟ್ಟಿತು. ದೀಪವನ್ನು ಎತ್ತಿ ಉಂಗುರದ ಸುತ್ತ ಮೆಲ್ಲಗೆ ಆಡಿಸಿದಳು. ಪಠ್ಯದಲ್ಲಿ ಇಲ್ಲದ್ದನ್ನು ಟೀಚರು ಮಾಡುತ್ತಿರುವುದನ್ನು ಕಂಡು ಮಕ್ಕಳು ಬೆಂಚಿನಿಂದ ಮುಂದೆ ಬಾಗಿದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಗುಂಡು ತಾನಾಗಿಯೇ ಜಾರಿ, ಸರಪಳಿಯ ತುದಿಗೆ ನೇತಾಡಿತು.

ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯ ಹೊರಗೆ ಮಲಪ್ರಭೆಯ ಹಿನ್ನೀರು ಬಂದದ್ದೂ ಹೋದದ್ದೂ ಅವಳಿಗೆ ತಿಳಿಯಲಿಲ್ಲ. ಕಟ್ಟಿಗೆಯ ಉರಿ ಅಂಚಿನವರೆಗೂ ಹರಡುತ್ತಿತ್ತು, ಗ್ಯಾಸಿನ ಉರಿ ಹಂಚಿನ ನಡುವಷ್ಟೇ. ನಡುವೆ ಕಬ್ಬಿಣ ಹಿಗ್ಗುತ್ತದೆ, ತಣ್ಣಗಿನ ಅಂಚು ಅದನ್ನು ಬಳೆಯ ಹಾಗೆ ಬಿಗಿದು ಹಿಡಿಯುತ್ತದೆ. ಅಗಲವಾಗಲು ಜಾಗ ಸಿಗದ ಕಬ್ಬಿಣ ಮೇಲಕ್ಕೆ ಏಳುತ್ತದೆ. ಮಲಕಾಜಪ್ಪ ನಡುವೆ ಬಡಿದಷ್ಟೂ ಆ ಕಬ್ಬಿಣ ಮತ್ತಷ್ಟು ಹರವಿಕೊಂಡಿತ್ತು. ಹಂಚಿನ ತಪ್ಪೂ ಅಲ್ಲ, ಕೈಯ ತಪ್ಪೂ ಅಲ್ಲ. ಆದರೆ ಗ್ಯಾಸು ಅಪ್ಪುವಿನ ಹೆಮ್ಮೆ. ತಪ್ಪು ಗ್ಯಾಸಿನದೆಂದು ಹೇಳುವ ಅಗತ್ಯವೂ ಇರಲಿಲ್ಲ. ನಾಳೆ ಒಂದು ರೊಟ್ಟಿ ಸುಟ್ಟರೆ ಸಾಕಿತ್ತು.

ಭಾನುವಾರ ಮಧ್ಯಾಹ್ನ ಅವಳು ಹಂಚಿನ ಮುಂದೆ ಕೂತಳು. ಅಡುಗೆಮನೆಯ ಬಾಗಿಲಿಗೆ ಒರಗಿ ಅಪ್ಪು ನಿಂತಿದ್ದ. ಅವನ ಬೆನ್ನ ಹಿಂದೆ ಮೊದಲ ಮೇಜಿನಲ್ಲಿ ಬಸವಣ್ಣೆಪ್ಪ ತಾಟಿನ ಮುಂದೆ ಕೂತು ಒಳಗೆ ಕತ್ತು ಹಾಕಿದ್ದ. ಮುನವಳ್ಳಿಯ ಬಸ್ಸು ನಡೆಸುವವನು ಅವನೇ. ದಿನಾ ಬೆಳಿಗ್ಗೆ ಸಪ್ನಾ ರಸ್ತೆ ದಾಟುವವರೆಗೆ ಗಾಡಿ ಎತ್ತುತ್ತಿರಲಿಲ್ಲ.

ಹಿಟ್ಟಿನ ಮುದ್ದೆ ಕೊಡುವ ನೆವದಲ್ಲಿ ಶಟ್ಟೆವ್ವ ಬಾಗಿ ಅವಳ ಕಿವಿಯ ಹತ್ತಿರ ಬಂದಳು.

"ಸುಡು," ಎಂದಳು ಮೆಲ್ಲಗೆ. "ಚಂದಂಗ ಸುಡು."

ಸಪ್ನಾ ತುಟಿ ಕಚ್ಚಿ ನಗು ತಡೆದಳು. ರೊಟ್ಟಿ ಬಡಿದಳು. ಹಂಚು ಟಣ್ ಎಂದಿತು. ರೊಟ್ಟಿ ಹಾಕಿ, ನೀರು ಸವರಿ, ಮಗುಚಿದಾಗ ನಡುವೆ ಅಂಗೈಯಗಲದ ಕರಿ.

"ಬಂತ ನೋಡ್ರಿ ಗ್ರಹಣ ಹಿಡದ ಚಂದ್ರಾಮ!" ಬಸವಣ್ಣೆಪ್ಪ ಹೊರಗಿನಿಂದ ಕೂಗಿದ. "ಅಪ್ಪೂ, ಅಕ್ಕೋರ ಕೈಯಾಗೂ ಅದ ಹಣೇಬಾರ ಐತೆಲ್ಲೋ. ಹಂಚ ಬದ್ಲಿ ಮಾಡೋ ಮಾರಾಯಾ, ನಮ್ಮ ಹಲ್ಲ ಬದ್ಲಿ ಆಗೂದರಾಗ."

ಅಪ್ಪು ಕತ್ತು ಕೆರೆದುಕೊಂಡ. "ಆತ ಬಿಡ. ಬುಧವಾರ ಸಂತ್ಯಾಗ ನೋಡೂಣು."

ಶಟ್ಟೆವ್ವ ಗೋಡೆಗೆ ಒರಗಿದಳು. ಬಿಡುವು ಸಿಕ್ಕಾಗಲೆಲ್ಲ ಸೆರಗಿನೊಳಗೆ ಸೇರುತ್ತಿದ್ದ ಕೈ ಹೊರಗೆ ಬಂದು ತೊಡೆಯ ಮೇಲೆ ತೆರೆದು ಮಲಗಿತು. ಎಲ್ಲ ಮುಗಿದಿತ್ತು. ಸಪ್ನಾ ಎದ್ದರೆ ಆಗುತ್ತಿತ್ತು.

ಅವಳು ಏಳಲಿಲ್ಲ. ಹಂಚು ಅವಳೆದುರು ಉಬ್ಬಿಕೊಂಡು ಕೂತಿತ್ತು, ಯಾರೂ ಬಿಡಿಸದ ಲೆಕ್ಕದ ಹಾಗೆ. ಬಿಡಿಸುವುದು ಹೇಗೆಂದು ಈ ಊರಿನಲ್ಲಿ ತನಗೊಬ್ಬಳಿಗೇ ಗೊತ್ತು ಅನ್ನಿಸಿತು. ಒಂದೇ ಒಂದು ಸಲ. ನೋಡಿ ಎದ್ದುಬಿಡುವುದು.

ಗ್ಯಾಸು ಆರಿಸಿದಳು. ಹಂಚು ತಣಿದು, ಟಣ್ ಎಂದು ಕೆಳಗಿಳಿಯುವವರೆಗೆ ಕಾದಳು. ಮತ್ತೆ ಹೊತ್ತಿಸಿ, ಎರಡೂ ಕೈಗೆ ಅರಿವೆ ಸುತ್ತಿಕೊಂಡು ಹಂಚನ್ನು ಎತ್ತಿ, ಅದರ ಅಂಚನ್ನು ಉರಿಗೆ ಹಿಡಿದಳು. ಬಸವಣ್ಣೆಪ್ಪ ಬಸ್ಸಿನ ಸ್ಟೇರಿಂಗು ಹೊರಳಿಸುವ ಹಾಗೆ ಸ್ವಲ್ಪ ಸ್ವಲ್ಪವೇ ಹೊರಳಿಸಿ ಇಡೀ ಅಂಚಿಗೆ ಉರಿ ತಾಗಿಸಿದಳು. ಮಣಿಕಟ್ಟು ಕಳಚಿ ಬೀಳುವಂತಾಯಿತು. ಆಮೇಲೆ ನಡುವೆ ಇಟ್ಟಳು.

"ಏನ ಮಾಡಾಕ್ಹತ್ತೀಯವಾ?" ಎಂದಳು ಶಟ್ಟೆವ್ವ.

ಸಪ್ನಾಳಿಗೆ ಕೇಳಿಸಲಿಲ್ಲ. ಅವಳು ಸದ್ದಿಗೆ ಕಾಯುತ್ತಿದ್ದಳು. ಸದ್ದು ಬರಲಿಲ್ಲ. ಹಂಚು ಕಾದು, ನೀರು ಚಿಮುಕಿಸಿದರೆ ಹನಿಗಳು ಅಂಚಿನಿಂದ ಅಂಚಿಗೆ ಓಡಿದವು, ಆದರೂ ಬರಲಿಲ್ಲ. ರೊಟ್ಟಿ ಹಾಕಿದಳು. ಮಗುಚಿದಳು. ಅದು ಒಂದು ಕಡೆಯಿಂದ ಉಸಿರೆಳೆದುಕೊಂಡು ಮೆಲ್ಲಗೆ ತುಂಬಿ, ಪೂರ್ತಿ ಉಬ್ಬಿ ನಿಂತಿತು. ಎಲ್ಲೂ ಒಂದು ಕಲೆ ಇಲ್ಲ.

ಸಪ್ನಾಳ ಮೈಯೆಲ್ಲ ಹಿಗ್ಗಿತು. ಚಪ್ಪಾಳೆ ತಟ್ಟುವುದೊಂದು ಬಾಕಿ. "ನೋಡಿದ್ರೇನ್ರಿ!" ಎಂದು ತಿರುಗಿದಳು.

"ಗ್ರಹಣ ಬಿಟ್ತಪಾ!" ಬಸವಣ್ಣೆಪ್ಪ ಮೇಜು ಬಡಿದ. "ಇಲ್ಲೆ ತರ್ರಿ ಅಕ್ಕೋರ, ಅದು ನಂದು."

ಅಪ್ಪು ರೊಟ್ಟಿಯನ್ನು ನೋಡಿದ. ಹಂಚನ್ನು ನೋಡಿದ. ಆಮೇಲೆ ಅವಳ ಕೈಗಳನ್ನು ನೋಡಿದ. "ಮತ್ತ ಹಂಚ ಯಾಕ ಬೇಕು ಹೊಸಾದು?" ಎಂದ. ಅವನ ಮುಖದಲ್ಲಿ ಹೆಂಡತಿಯ ಬಗ್ಗೆ ನಿಜವಾದ ಅಭಿಮಾನವಿತ್ತು.

ಅವಳ ನಗು ಮುಖದ ಮೇಲೆಯೇ ಉಳಿದುಹೋಯಿತು. "ಹಂಗಲ್ರಿ," ಎಂದಳು. "ಇದು ಕೈ ಮಾತಲ್ಲ. ಮೊದಲ ಅಂಚ ಕಾಸಬೇಕು, ಅಷ್ಟ. ಅತ್ತಿಗೂ ಬರತೈತಿ. ಅತ್ತೀ, ಬರ್ರಿ, ತೋರಸ್ತೇನಿ. ಬರ್ರಿ ಇಲ್ಲೆ."

ಶಟ್ಟೆವ್ವ ಬಂದಳು. ಸಪ್ನಾ ತಾನೇ ಅವಳ ಕೈಗೆ ಅರಿವೆ ಸುತ್ತಿದಳು. ಸುತ್ತುವಾಗ ಬಲ ಮಣಿಕಟ್ಟು ಬಾತುಕೊಂಡಿರುವುದು, ಹೆಬ್ಬೆರಳು ಮಡಚಲು ಬಾರದಿರುವುದು ಕೈಗೆ ತಿಳಿಯಿತು. ಸುತ್ತುವುದನ್ನು ನಿಲ್ಲಿಸಿದಳು. ಶಟ್ಟೆವ್ವ ಅವಳ ಮುಖ ನೋಡದೆ, "ಸುತ್ತು" ಎಂದಳು.

ಹಂಚು ಒಲೆಯಿಂದ ನಾಲ್ಕು ಬೆರಳು ಮೇಲೆದ್ದಿತು. ಬಲಗಡೆ ವಾಲಿತು. ಗ್ಯಾಸಿನ ಕಟ್ಟೆಗೆ ಬಡಿದು, ಉರುಳಿ, ನೆಲದ ಮೇಲೆ ಬಿದ್ದು ಸುತ್ತು ಹಾಕುತ್ತಾ ಹಾಕುತ್ತಾ ನಿಂತಿತು. ಬಸವಣ್ಣೆಪ್ಪ ತಾಟಿನ ಕಡೆ ತಿರುಗಿ ಕೂತ.

ಶಟ್ಟೆವ್ವ ಅರಿವೆ ಬಿಚ್ಚಿ ಮಡಚಿದಳು. ಗೋಡೆಯ ಹತ್ತಿರವಿದ್ದ ತನ್ನ ಮಣೆಯನ್ನು ಕಾಲಿನಿಂದ ಸೊಸೆಯ ಕಡೆಗೆ ಮೆಲ್ಲಗೆ ಸರಿಸಿದಳು.

ಸೋಮವಾರ ಬೆಳಿಗ್ಗೆ "ಮುನವಳ್ಳೀ, ಮುನವಳ್ಳೀ" ಎಂದು ಕಂಡಕ್ಟರನ ಕೂಗು ಎದ್ದಾಗ ಸಪ್ನಾ ಹಂಚಿನ ಅಂಚನ್ನು ಉರಿಗೆ ಹಿಡಿದು ಹೊರಳಿಸುತ್ತಿದ್ದಳು. ಬಾಗಿಲ ಬಳಿ ಶಟ್ಟೆವ್ವ ಮೆಂತ್ಯದ ಸೊಪ್ಪು ಸೋಸುತ್ತಿದ್ದಳು.

ಹೊರಗೆ ಹಾರ್ನ್ ಆಯಿತು. ತುಸು ತಡೆದು ಇನ್ನೊಮ್ಮೆ.

"ನೀ ಹೋಗು, ಬಸ್ಸ..." ಎಂದು ಶಟ್ಟೆವ್ವನ ಬಾಯಿಂದ ಹೊರಟು, ಅಲ್ಲೇ ನಿಂತಿತು. ಒಂದು ದಂಟು ಅವಳ ಬೆರಳುಗಳ ನಡುವೆ ಮುರಿಯದೆ ಉಳಿಯಿತು.

ಬಸ್ಸು ಗೇರು ಬದಲಿಸಿಕೊಂಡು ದೂರವಾಯಿತು. ಸಪ್ನಾ ಹಂಚನ್ನು ಉರಿಯ ನಡುವೆ ಇಳಿಸಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು. ಇಬ್ಬರೂ ಅದರ ಕಡೆಗೇ ಕಿವಿಯಿಟ್ಟು ಕೂತರು. ಅದು ಕಾಯುತ್ತಲೇ ಹೋಯಿತು. ಅಂಚೂ ನಡುವೂ ಒಂದೇ ಸಮ, ತೆಪ್ಪಗೆ.