ಬೀಗದಾಚೆಯ ಅಮ್ಮ

ಹೊಲಿಗೆ ಕೋಣೆಯ ಮೆಟ್ಟಿಲು ಹತ್ತುತ್ತಿದ್ದ ಅಂಕಣಗಾರ್ತಿಗೆ ಮೇಲಿನಿಂದ ತನ್ನದೇ ಬರಹ ಕೇಳಿಸಿ ಕಾಲು ಅಲ್ಲೇ ನಿಂತಿತು. ‘ಊರು ಬಿಟ್ಟು ಹೊರಟ ದಿನ ಅಮ್ಮ ಬಾಗಿಲವರೆಗೂ ಬರಲಿಲ್ಲ. ನಾನು ಮೆಟ್ಟಿಲಿಳಿಯುವಾಗಲೂ ಮೇಲೆ ಅವಳ ಮಿಷನ್ನಿನ ಸದ್ದು ಕೇಳುತ್ತಲೇ ಇತ್ತು’ ಎಂದು ಯಾರೋ ಗಟ್ಟಿಯಾಗಿ ಓದುತ್ತಿದ್ದರು. ನಿನ್ನೆಯಷ್ಟೇ ಜಾಲತಾಣದಲ್ಲಿ ಬಂದದ್ದು. ಇಷ್ಟಕ್ಕೇ ಓದು ನಿಲ್ಲಬೇಕು. ಮುಂದಿನದಕ್ಕೆ ಬೀಗ, ಚಂದಾ ಕಟ್ಟಿದವರಿಗಷ್ಟೇ ತೆರೆಯುವ ಬೀಗ.

ವರ್ಷಗಟ್ಟಲೆ ಅವಳು ಆ ತಾಣಕ್ಕೆ ಬಿಟ್ಟಿ ಬರೆದಿದ್ದಳು. ಹೆಸರು ಬರುತ್ತದೆ ಎಂದು ಸಂಪಾದಕ ಹೇಳುತ್ತಿದ್ದ; ಬಂದಿತ್ತು ಕೂಡ, ಆದರೆ ಹೆಸರಿನಿಂದ ಯಾರ ಒಲೆ ಉರಿದೀತು? ಕೊನೆಗೆ ಅವನಿಗೇ ನಾಚಿಕೆಯಾಗಿ ಈ ಏರ್ಪಾಡು ಮಾಡಿದ. ಮೊದಲ ಸಂಭಾವನೆ ಬಂದ ದಿನ ಅವಳು ಫೋನನ್ನು ಗಂಡನ ಮೂಗಿಗೇ ಹಿಡಿದಿದ್ದಳು. ಬೀಗ ಬೇಡವೆನ್ನುವವರು ಮೊದಲಿನಂತೆ ಪುಕ್ಕಟೆ ಬರೆಯಬಹುದು, ಇವತ್ತು ಸಂಜೆಯೊಳಗೆ ತಿಳಿಸಿ ಎಂದು ಸಂಪಾದಕ ಬೆಳಿಗ್ಗೆ ಹೇಳಿದ್ದ. ಅತ್ತ ದರಿ ಇತ್ತ ಹುಲಿ. ದುಡಿಮೆಗೆ ಬೆಲೆ ಸಿಕ್ಕಿದೆ ಎಂದು ಹಿಗ್ಗೋಣವೆಂದರೆ, ಈ ಕೋಣೆಯವರನ್ನು ಹೊರಗೆ ನಿಲ್ಲಿಸಿದಂತಾಗುತ್ತಿತ್ತು.

ಯಾಕೆಂದರೆ ಅವಳು ಓದು ಕಲಿತದ್ದು ಶಾಲೆಯಲ್ಲಾದರೂ, ಓದಿನ ರುಚಿ ಹತ್ತಿದ್ದು ಇಲ್ಲಿ. ಮಧ್ಯಾಹ್ನದ ಚಹಾ ಆದಮೇಲೆ ಒಬ್ಬಳು ವಾರಪತ್ರಿಕೆ ಓದಬೇಕು, ಅವಳ ಪಾಲಿನ ಗುಂಡಿ ಕಾಜಾಗಳನ್ನು ಉಳಿದವರು ಹಂಚಿಕೊಂಡು ಮುಗಿಸಬೇಕು. ಹದಿನಾರರ ಹುಡುಗಿಯಾಗಿ ಇಲ್ಲಿ ದುಡಿಯುತ್ತಿದ್ದ ಅವಳು ಓದಿದಷ್ಟು ಹೊತ್ತೂ ಕಿಟಕಿ ಪಕ್ಕದ ಮಿಷನ್ನಿನಿಂದ ಅಮ್ಮ ತಲೆಯೆತ್ತದೆ ಕೇಳುತ್ತಿದ್ದಳು. ಧಾರಾವಾಹಿಯ ಹಾಳೆ ಹರಿದುಹೋಗಿದ್ದರೆ ಹುಡುಗಿ ಮುಂದಿನದನ್ನು ತಾನೇ ಕಟ್ಟಿ ಹೇಳುತ್ತಿದ್ದಳು. ಎಂಥ ಚಂದದ ದಿನಗಳು. ಈಗ ನೆನೆದರೂ ಎಣ್ಣೆ, ಹೊಸ ಬಟ್ಟೆ, ಬಿಸಿ ಇಸ್ತ್ರಿಯ ವಾಸನೆ ಮೂಗಿಗೆ ಬಡಿಯುತ್ತಿತ್ತು.

ಮೇಲೆ ಓದು ನಿಂತಿತು. ಬೀಗ ಬಂತು ನೋಡ್ರೇ ಎಂದು ಓದುವವಳು ಗೊಣಗಿದಳು. ಆಗ ಕೋಣೆಯವರಲ್ಲೆಲ್ಲ ಹಿರಿಯಳಾದ ದೊಡ್ಡಕ್ಕನ ದನಿ ಕೇಳಿಸಿತು.

"ಬೀಗ ಇದ್ರೆ ಇರ್ಲಿ ಬಿಡೇ. ಮುಂದಿಂದು ನಂಗೆ ಗೊತ್ತಿಲ್ವಾ? ನಾನು ಅವಳಮ್ಮನ ಪಕ್ಕದಲ್ಲೇ ಕೂತಿದ್ದೆ. ಹೋಗಿ ಕಳಿಸಿಬಾರೇ ಅಂದೆ. ‘ನಾನು ಬಾಗಿಲಿಗೆ ಹೋದ್ರೆ ನನ್ನ ಮುಖ ನೋಡಿ ಅವಳು ನಿಂತುಬಿಡ್ತಾಳೆ ಕಣೇ’ ಅಂದ್ಲು."

ಬೀಗದಾಚೆ ಅಂಕಣಗಾರ್ತಿ ಬರೆದದ್ದು ಬೇರೆಯೇ: ಮನೆಗೆ ಬರುವ ಒಂದು ಸಂಬಳ ತಪ್ಪಿತೆಂದು ಅಮ್ಮನಿಗೆ ಸಿಟ್ಟು, ಆ ಸಿಟ್ಟಿನಲ್ಲೇ ಮಿಷನ್ ತುಳಿಯುತ್ತಿದ್ದಳು ಎಂದು. ಕೇಳಿ ತಿಳಿಯೋಣವೆಂದರೆ ಅಮ್ಮ ತೀರಿಕೊಂಡು ಎಷ್ಟೋ ಕಾಲವಾಗಿತ್ತು.

ಅವಳು ಒಳಗೆ ಬಂದಾಗ ಎಲ್ಲರೂ ಗಡಿಬಿಡಿಯಿಂದ ಎದ್ದರು. ತಲೆ ಹಣ್ಣಾಗುತ್ತಾ ಬಂದಿದ್ದರೂ ಇಲ್ಲಿ ಅವಳು ಪುಟ್ಟಿಯೇ. ಬೀಗ ತೆಗೆಸಿಬಿಡುತ್ತೇನೆ, ಈಗಲೇ ಸಂಪಾದಕರಿಗೆ ಹೇಳುತ್ತೇನೆ ಎಂದು ಅವಳು ಫೋನ್ ತೆಗೆದಳು.

"ಯಾಕೆ ತೆಗೆಸ್ತೀಯೇ ಪುಟ್ಟಿ?" ಎಂದಳು ದೊಡ್ಡಕ್ಕ. "ನೀನು ಓದುವಾಗ ನಿನ್ನ ಪಾಲಿನ ಗುಂಡಿ ನಾವು ಹಾಕ್ಲಿಲ್ವಾ? ಈ ಕೋಣೇಲಿ ಯಾವತ್ತಾದ್ರೂ ಬಿಟ್ಟಿ ಓದಿಸ್ಕೊಂಡಿದ್ದೀವಾ? ಎಲ್ಲಾ ಸೇರಿ ಒಂದು ಚಂದಾ ಕಟ್ತೀವಿ ಅಂತ ಮಾತಾಗಿದೆ. ಕೇಳೋರು ಹತ್ತು ಜನ, ಓದೋಳು ಒಬ್ಬಳೇ ತಾನೆ."

"ಇದಕ್ಕೆ ಕಟ್ಬೇಡಿ, ದೊಡ್ಡಕ್ಕ. ನಾನು ಬರೆದಿರೋದು ಸುಳ್ಳು."

ಅವಳಿಗೆ ಅಳು ಬಂತು, ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಸಂಪಾದಕನಿಗೆ ಫೋನ್ ಮಾಡಿದಳು. ಬೀಗ ಇರಲಿ, ಸಂಭಾವನೆಯೂ ಇರಲಿ, ಆದರೆ ಈ ಬರಹವನ್ನು ಈಗಲೇ ತೆಗೆದುಬಿಡಿ, ಬೇರೆ ಬರೆದು ಕೊಡುತ್ತೇನೆ ಎಂದಳು. ನಿನ್ನೆಯಿಂದ ಎಲ್ಲಕ್ಕಿಂತ ಹೆಚ್ಚು ಜನ ಓದಿದ್ದು ಇದನ್ನೇ ಎಂದು ಅವನು ಗೋಗರೆದ. ಅವಳು ಜಗ್ಗಲಿಲ್ಲ.

ದೊಡ್ಡಕ್ಕನ ಪಕ್ಕ ಜಾಗ ಮಾಡಿಕೊಟ್ಟರು. ಅವಳು ಕೂತು ಕೇಳಿದಳು.

"ಮತ್ತೆ ಮಿಷನ್ ಸದ್ದು ನಿಲ್ಲಲೇ ಇಲ್ಲವಲ್ಲ, ದೊಡ್ಡಕ್ಕ?"

"ನಿಂಗೆ ಕೇಳ್ಲಿ ಅಂತಾನೇ ತುಳಿದ್ಲು. ಬಸ್ಸು ಹೋದಮೇಲೆ ನಾನೇ ಕೈ ಹಿಡಿದು ನಿಲ್ಲಿಸ್ದೆ." ದೊಡ್ಡಕ್ಕ ತನ್ನ ಮಡಿಲಲ್ಲಿದ್ದ ಅಂಗಿಯನ್ನು ಸವರಿದಳು. "ಬಟ್ಟೆ ಎತ್ತಿ ನೋಡ್ತೀನಿ, ಸೂಜಿಗೆ ದಾರಾನೇ ಇರ್ಲಿಲ್ಲ. ಉದ್ದಕ್ಕೂ ಬರೀ ತೂತು."