ಎದುರು ತೂಕ

ಲಿಫ್ಟಣ್ಣನಿಗೆ ಯಾವುದನ್ನೂ ಬೇಕಾದಷ್ಟೇ ಲೆಕ್ಕ ಹಾಕಿ ಅಭ್ಯಾಸವಿರಲಿಲ್ಲ. ಮೂವತ್ತೈದು ವರ್ಷ ಲಿಫ್ಟ್ ರಿಪೇರಿ ಮಾಡಿದ ಕೈ ಅದು. ಲಿಫ್ಟನ್ನು ಹಿಡಿದಿರುವ ಉಕ್ಕಿನ ಹಗ್ಗಗಳು ಹೊರಬೇಕಾದ ಭಾರದ ಹನ್ನೆರಡು ಪಟ್ಟು ತಾಳಬೇಕು ಎಂಬುದು ಅವನ ಕಸುಬಿನ ಕಟ್ಟಳೆ. ಆ ಕಟ್ಟಳೆ ಅವನ ಜೊತೆ ಮನೆಗೂ ಬಂದಿತ್ತು. ಒಂದು ಮೊಳೆ ಸಾಕಾಗುವ ಕಡೆ ನಾಲ್ಕು ಹೊಡೆಯುತ್ತಿದ್ದ. ಬಸ್ಸು ಹತ್ತಕ್ಕಿದ್ದರೆ ಎಂಟೂವರೆಗೇ ನಿಲ್ದಾಣದಲ್ಲಿ ಠಿಕಾಣಿ ಹೂಡುತ್ತಿದ್ದ. "ನಮ್ಮನೆ ಗಡಿಯಾರ ಕೆಳಗಿಳಿಸಬೇಕು ಅಂದ್ರೆ ಗೋಡೆ ಕೆಡವಬೇಕು" ಎಂದು ಹೆಂಡತಿ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು.

ಇಂಥವನ ಕೈಗೆ ಕಂಪನಿಯವರು ಒಂದು ಫಾರಂ ಕೊಟ್ಟರು. ಐವತ್ತೆಂಟು ತುಂಬಿತ್ತು. ಈಗಲೇ ನಿವೃತ್ತಿಯಾದರೆ ತಿಂಗಳಿಗೆ ಹತ್ತೊಂಬತ್ತು ಸಾವಿರ ಪಿಂಚಣಿ, ಮೇಲೊಂದು ಇಡುಗಂಟು. ಇನ್ನೈದು ವರ್ಷ ದುಡಿದರೆ ಪಿಂಚಣಿ ಇಪ್ಪತ್ತಾರು ಸಾವಿರ. ಎರಡು ಚೌಕಗಳಲ್ಲಿ ಒಂದಕ್ಕೆ ಗುರುತು ಹಾಕಿ ಸೋಮವಾರ ಕೊಡಬೇಕು.

ಅವನ ಎಡಮಂಡಿ ಮಾತ್ರ ಯಾರ ಅಪ್ಪಣೆಗೂ ಕಾಯದೆ ಆಗಲೇ ನಿವೃತ್ತಿ ತೆಗೆದುಕೊಂಡಿತ್ತು. ಹಿಂದಿನ ತಿಂಗಳು ಲಿಫ್ಟಿನ ಗುಂಡಿಗೆ ಇಳಿಯುವ ಕಬ್ಬಿಣದ ಏಣಿಯಲ್ಲಿ ಕಾಲು ಜಾರಿ, ಒಂದೇ ಕೈಯಲ್ಲಿ ನೇತಾಡಿದ್ದ. ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಆದರೆ ಹರಿದ ಅಂಗಿಯ ತೋಳನ್ನು ಹೊಲಿದವಳು ಹೆಂಡತಿಯೇ ಅಲ್ಲವೇ? ಅವಳಿಗೆ ಕೇಳದೆಯೇ ಎಲ್ಲಾ ಗೊತ್ತಾಗಿತ್ತು.

ಶನಿವಾರ ಸಂಜೆ ಅವಳ ತಮ್ಮ ಬಂದ. ಬ್ಯಾಂಕಿನಲ್ಲಿ ಕೆಲಸ, ದುಡ್ಡಿನ ವಿಷಯದಲ್ಲಿ ಮನೆಮಂದಿಗೆಲ್ಲ ಅವನ ಮಾತೇ ಕೊನೆ.

"ಭಾವ, ಗಂಡ ಹೆಂಡ್ತಿ ಹಾಯಾಗಿರಬೇಕು ಅಂದ್ರೆ ಈಗಿನ ಸಂಬಳದಲ್ಲಿ ಮುಕ್ಕಾಲು ಭಾಗ ಬೇಕೇ ಬೇಕು. ನಿಮ್ದು ನಲವತ್ತು ಸಾವಿರ. ಅಂದ್ರೆ ಮೂವತ್ತು."

"ಹತ್ತೊಂಬತ್ತು ಎಲ್ಲಿ, ಮೂವತ್ತು ಎಲ್ಲಿ!"

"ಅದಕ್ಕೇ ಹೇಳ್ತಿರೋದು, ಇನ್ನೈದು ವರ್ಷ ಹೋಗಿಬಿಡಿ."

ಹೊಲಿಗೆ ಯಂತ್ರದ ಹಿಂದಿನಿಂದ ಹೆಂಡತಿ ತಲೆಯೆತ್ತಿದಳು. ವಸತಿಗೃಹಗಳಿಗೆ ದಿಂಬಿನ ಚೀಲ, ಪರದೆ ಹೊಲಿದುಕೊಡುವುದು ಅವಳ ಕೆಲಸ. "ಕೂತಲ್ಲಿಂದ ಹೇಳೋದು ಸುಲಭ ಕಣೋ. ನೀನು ಒಂದು ಲೋಟ ನೀರಿಗೂ ಬೆಲ್ ಒತ್ತೋನು."

ತಮ್ಮ ನಗುತ್ತಾ ಎದ್ದು ಹೋದ. ಲಿಫ್ಟಣ್ಣ ನೋಟ್‌ಬುಕ್ ಹಿಡಿದು ಕೂತ. ಮೂವತ್ತು ಸಾಲದು ಅನಿಸಿತು ಅವನಿಗೆ. ಒಂದೊಂದೇ ಖರ್ಚು ಬರೆದು ಎಲ್ಲವನ್ನೂ ಎರಡರಷ್ಟು ಮಾಡಿದ. ಔಷಧಿಗೆ ಬಂದಾಗ ಕಸುಬಿನ ಬುದ್ಧಿ ಎಚ್ಚೆತ್ತು, ಹನ್ನೆರಡರಿಂದ ಗುಣಿಸಿದ. ಒಟ್ಟು ಎಂಬತ್ತನಾಲ್ಕು ಸಾವಿರವಾಯಿತು. ಆ ಲೆಕ್ಕದಲ್ಲಿ ಅವನು ಸತ್ತ ಮೇಲೂ ಹತ್ತು ವರ್ಷ ಕೆಲಸಕ್ಕೆ ಹೋಗಬೇಕಿತ್ತು.

ಹೆಂಡತಿ ಭುಜದ ಮೇಲಿಂದ ಬಗ್ಗಿ ಓದಿದಳು. "ಉಪ್ಪಿಗೂ ಎರಡರಷ್ಟಾ? ರಿಟೈರ್ ಆದ್ಮೇಲೆ ಸಮುದ್ರ ಮಾಡ್ತೀರಾ?"

"ಭದ್ರತೆ ಬೇಡ್ವೇನೇ?"

"ಔಷಧಿಗೆ ಹನ್ನೆರಡು ಪಟ್ಟು! ಎರಡು ರೂಮಿನ ಮನೇಲಿ ಅಷ್ಟೊಂದು ಕಾಯಿಲೆ ಎಲ್ಲಿಟ್ಕೊಳ್ತೀರಾ?"

ಅವನಿಗೆ ನಗು ಬರಲಿಲ್ಲ. "ಐದು ವರ್ಷಕ್ಕೇ ಗುರುತು ಹಾಕ್ತೀನಿ. ಇನ್ನು ಆ ಮಾತು ಬೇಡ" ಎಂದು ಫಾರಂ ಮಡಚಿ ಜೇಬಿಗಿಟ್ಟ. ಅವಳು ಎದ್ದು ಒಳಗೆ ಹೋದಳು. ಅರ್ಧ ಹೊಲಿದ ದಿಂಬಿನ ಚೀಲ ಯಂತ್ರದಲ್ಲಿ ಹಾಗೇ ಉಳಿಯಿತು.

ಭಾನುವಾರ ಅವನಿಗೆ ಕೆಲಸವಿತ್ತು. ಹದಿನಾಲ್ಕು ಮಹಡಿಯ ಕಚೇರಿ ಕಟ್ಟಡದಲ್ಲಿ ಜನವಿಲ್ಲದ ದಿನ ನೋಡಿ ವರ್ಷಕ್ಕೊಮ್ಮೆ ಲಿಫ್ಟ್ ಪರೀಕ್ಷೆ ಮಾಡಬೇಕು. ಫಾರಂ ಯೋಚನೆಯಲ್ಲಿ ಕನ್ನಡಕ ಮನೆಯಲ್ಲೇ ಬಿಟ್ಟುಹೋಗಿದ್ದ. ಅದನ್ನು ಹಿಡಿದು ಹೆಂಡತಿ ಬಂದಳು. ಚಾಲೂ ಇದ್ದ ಇನ್ನೊಂದು ಲಿಫ್ಟಿನಲ್ಲಿ ಕೊನೆಯ ಮಹಡಿ ತಲುಪಿ, ಅಲ್ಲಿಂದ ಕಡಿದಾದ ಮೆಟ್ಟಿಲು ಹತ್ತಿ, ತಾರಸಿಯ ಮೇಲಿನ ಯಂತ್ರದ ಕೋಣೆಯ ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತಳು. ಮೂವತ್ತೈದು ವರ್ಷದಲ್ಲಿ ಗಂಡನ ಕೆಲಸದ ಜಾಗಕ್ಕೆ ಅವಳು ಕಾಲಿಟ್ಟಿದ್ದು ಅದೇ ಮೊದಲು.

ಗ್ರೀಸಿನ ವಾಸನೆ. ನಡುವೆ ಹಸಿರು ಬಣ್ಣದ ಮೋಟಾರು, ಅದರ ಪಕ್ಕ ಮೊರದಗಲದ ಗಾಲಿ. ಆರು ಉಕ್ಕಿನ ಹಗ್ಗಗಳು ಗಾಲಿಯನ್ನು ಬಳಸಿ ನೆಲದ ಕಿಂಡಿಯಲ್ಲಿ ಇಳಿದು ಮಾಯವಾಗಿದ್ದವು. ಅವನು ಟಾರ್ಚ್ ಕೊಟ್ಟ. ಅವಳು ಕಿಂಡಿಗೆ ಕಣ್ಣಿಟ್ಟಳು. ಬೆಳಕು ಇಳಿಯಿತು, ಇನ್ನೂ ಇಳಿಯಿತು, ಒಂದು ಕಡೆ ಸೋತು ನಿಂತಿತು. ಕತ್ತಲು ಅದರಾಚೆಗೂ ಇತ್ತು.

"ಇಷ್ಟು ವರ್ಷ ಇದರ ಮೇಲೆ ನಿಂತು ನಮಗೆ ಅನ್ನ ಹಾಕಿದ್ರಾ?" ಎಂದಳು, ಮೆಲ್ಲಗೆ.

ಲಿಫ್ಟಣ್ಣ ಹಗ್ಗದ ಕಡೆ ತಿರುಗಿ ಪಾಠ ಶುರು ಮಾಡಿದ. "ನೋಡು, ಹಗ್ಗದ ಈ ತುದಿಗೆ ಜನ ಹತ್ತೋ ಪೆಟ್ಟಿಗೆ. ಆ ತುದಿಗೆ ಕಬ್ಬಿಣದ ದಿಮ್ಮಿ ಪೇರಿಸಿದ ಎದುರು ತೂಕ. ಇದು ಹತ್ತಿದ್ರೆ ಅದು ಇಳಿಯುತ್ತೆ. ಇವತ್ತು ಪರೀಕ್ಷೆಗೆ ಅಂತ ಪೆಟ್ಟಿಗೇಲಿ ಅರ್ಧ ಹೊರೆ ಇಟ್ಟಿದ್ದೀನಿ. ಈಗ ಎರಡೂ ಸಮ. ಸೇರಿಸಿದ್ರೆ ಮೂರು ಟನ್ನು."

"ಹಾಗಾದ್ರೆ ಮೋಟಾರು ಏನು ಹೊರುತ್ತೆ?"

"ಎರಡರ ಮಧ್ಯದ ವ್ಯತ್ಯಾಸ."

"ಅಷ್ಟೇನಾ? ಮತ್ತೆ ಎಲ್ಲಾ ತಾನೇ ಹೊತ್ತ ಹಾಗೆ ಅಷ್ಟು ಸದ್ದು ಮಾಡುತ್ತೆ!"

ಯಾರೋ ಚಿವುಟಿದ ಹಾಗಾಯಿತು ಅವನಿಗೆ. "ಬಾ ಇಲ್ಲಿ" ಎಂದ. ಮುಖ್ಯ ಸ್ವಿಚ್ ಆರಿಸಿ, ಅದಕ್ಕೆ ಬೀಗ ಜಡಿದು, ಕೀಲಿ ಜೇಬಿಗೆ ಹಾಕಿಕೊಂಡ. ಎಳೆದು ನೋಡಿ, ಮತ್ತೊಮ್ಮೆ ಎಳೆದು ನೋಡಿದ. ಬ್ರೇಕಿನ ಸನ್ನೆಕೋಲು ಎತ್ತಿ ಹಿಡಿದು, "ಮೋಟಾರಿನ ತುದೀಲಿರೋ ಆ ಕೈಗಾಲಿ ತಿರುಗಿಸು" ಎಂದ.

"ನಾನಾ?"

"ನೀನೇ."

ಅವಳು ಸೆರಗಿನಲ್ಲಿ ಅಂಗೈ ಒರೆಸಿಕೊಂಡು ಗಾಲಿ ಹಿಡಿದಳು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳುಗಳು. ತಿರುಗಿಸಿದಳು. ಆರು ಹಗ್ಗಗಳೂ ಒಟ್ಟಿಗೆ, ಸದ್ದೇ ಇಲ್ಲದೆ, ಬೆರಳಗಲ ಸರಿದವು. ಕೆಳಗೆ ಆ ಕತ್ತಲಲ್ಲಿ ಏನೋ ದೊಡ್ಡದು ನಿಧಾನಕ್ಕೆ ಉಸಿರೆಳೆದಂತೆ ಮೇಲೇಳುತ್ತಿತ್ತು.

"ಅಯ್ಯೋ ದೇವರೇ, ಬರ್ತಾ ಇದೆ ಕಣ್ರೀ! ನನ್ನ ಕೈಗೆ ಬರ್ತಾ ಇದೆ!"

ಲಿಫ್ಟಣ್ಣ ಆ ಗಾಲಿಯನ್ನು ಸಾವಿರ ಸಲ ತಿರುಗಿಸಿದ್ದ. ಆದರೂ ಮೂರು ಟನ್ ಕಬ್ಬಿಣ ಒಂದು ಹೆಂಗಸಿನ ಕೈಯಳತೆಯಲ್ಲಿ ಕದಲುವುದನ್ನು ಮೊದಲ ಸಲ ಕಂಡವನಂತೆ ನಿಂತುಬಿಟ್ಟ.

ಅವಳು ಗಾಲಿ ಬಿಡದೆಯೇ ಹೇಳಿದಳು. "ರೀ, ನನ್ನ ತಮ್ಮ ಒಟ್ಟು ಭಾರ ಲೆಕ್ಕ ಹಾಕಿದ. ವ್ಯತ್ಯಾಸ ನೋಡ್ಲೇ ಇಲ್ಲ."

"ಅಂದ್ರೆ?"

"ನಲವತ್ತರಲ್ಲಿ ಹದಿನಾರು ಮನೆ ಸಾಲದ ಕಂತಿಗೆ ಹೋಗ್ತಿತ್ತು. ಅದು ಹೋದ ತಿಂಗಳು ತೀರಿತು. ಉಳಿದ ಇಪ್ಪತ್ನಾಲ್ಕರಲ್ಲಿ ಮನೆ ನಡೀತಿದೆ. ಅದ್ರಲ್ಲೂ ನಿಮ್ಮ ಬಸ್ಸು, ಕ್ಯಾಂಟೀನು, ಬೂಟು, ಮಂಡಿಗೆ ಹಚ್ಚೋ ಮುಲಾಮು ಸೇರಿ ಮೂರು ಸಾವಿರ. ಕೆಲಸಕ್ಕೆ ಹೋಗೋದಕ್ಕೆ ಆಗೋ ಖರ್ಚು ಅದು. ಹೋಗದಿದ್ರೆ ಇಲ್ಲ. ಉಳೀತು ಇಪ್ಪತ್ತೊಂದು. ಪಿಂಚಣಿ ಹತ್ತೊಂಬತ್ತು. ವ್ಯತ್ಯಾಸ ಬರೀ ಎರಡು."

"ಆ ಎರಡು ಎಲ್ಲಿಂದ ಬರುತ್ತೆ?"

"ನನ್ನ ಹೊಲಿಗೇಲಿ ತಿಂಗಳಿಗೆ ನಾಲ್ಕು ಬರುತ್ತೆ. ನೀವು ಇವತ್ತಿನವರೆಗೂ ಅದನ್ನ ಲೆಕ್ಕಕ್ಕೇ ಹಿಡಿದಿಲ್ಲ. ಮಗಳ ನರ್ಸಿಂಗ್ ಫೀಸು ಮೂರು ವರ್ಷ ಯಾರು ಕಟ್ಟಿದ್ರು ಅಂದ್ಕೊಂಡ್ರಿ?"

"ನಾನು..."

"ನೀವು ಸದ್ದು ಮಾಡಿದ್ರಿ."

ಅವನು ತಲೆತಗ್ಗಿಸಿದ. ನೋಟ್‌ಬುಕ್ಕಿನಲ್ಲಿ ಉಪ್ಪಿಗೂ ಜಾಗವಿತ್ತು. ಇವಳ ದುಡಿಮೆಗೆ ಒಂದು ಸಾಲೂ ಇರಲಿಲ್ಲ. ಆದರೂ ಕಸುಬಿನ ಹೆದರಿಕೆ ಅಷ್ಟು ಸುಲಭಕ್ಕೆ ಬಿಟ್ಟೀತೇ? "ನಿನ್ನ ಕಣ್ಣು ಮಂಜಾದ್ರೆ? ಬೆಲೆ ಏರಿದ್ರೆ? ಇಬ್ಬರಲ್ಲಿ ಒಬ್ಬರು ಹಾಸಿಗೆ ಹಿಡಿದ್ರೆ?"

"ಲಿಫ್ಟಿನ ಹಗ್ಗ ಕೈಕೊಟ್ರೆ ಏನು ಮಾಡ್ತೀರಿ?"

"ಪೆಟ್ಟಿಗೆ ಅಡೀಲಿ ಇಕ್ಕಳದ ಥರದ ಹಿಡಿ ಇದೆ. ಅಕ್ಕಪಕ್ಕದ ಕಬ್ಬಿಣದ ಹಳಿಯನ್ನೇ ಕಚ್ಚಿ ನಿಲ್ಲಿಸುತ್ತೆ."

"ಅದನ್ನ ದಿನಾ ಹಾಕ್ತೀರಾ?"

"ಹುಚ್ಚೀ! ದಿನಾ ಹಾಕಿದ್ರೆ ಸವೆದುಹೋಗುತ್ತೆ. ಇರುತ್ತೆ ಅಷ್ಟೇ."

"ಇಡುಗಂಟೂ ಹಾಗೇ ಇರ್ಲಿ. ಮುಟ್ಟೋದು ಬೇಡ. ಪ್ರವಾಸ, ಹೊಸ ಟೀವಿ ಅಂತ ಕೈ ಹಾಕಿದ್ರೆ ಮಾತ್ರ ನಿಮ್ಮನ್ನೇ ಈ ಕಿಂಡೀಲಿ ಇಳಿಸ್ತೀನಿ." ಆಮೇಲೆ ದನಿ ತಗ್ಗಿತು. "ಐದು ವರ್ಷ ಬಿಟ್ಟು ಬರೋ ಏಳು ಸಾವಿರ ಜಾಸ್ತಿ ನಂಗೆ ಬೇಡ. ನೀವು ಒಂದು ಕೈಯಲ್ಲಿ ನೇತಾಡಿದ ಅಂಗಿ ಹೊಲಿದಿದ್ದೀನಿ. ಇನ್ನೊಂದು ಅಂಥ ಅಂಗಿ ಹೊಲಿಯೋಕೆ ನನ್ನ ಕೈಲಾಗಲ್ಲ."

ಲಿಫ್ಟಣ್ಣ ಸನ್ನೆಕೋಲು ಇಳಿಸಲು ಹೋದ.

"ತಡೀರಿ. ಪೆಟ್ಟಿಗೆ ಈಗ ಎಲ್ಲಿದೆ?"

"ಎರಡು ಮಹಡಿ ನಡುವೆ. ಹಗ್ಗದ ಮೇಲೆ ಹಳದಿ ಬಣ್ಣದ ಗೆರೆ ಇರುತ್ತೆ. ಅದು ಈ ಕಂಬಿ ಹತ್ರ ಬಂದ್ರೆ ಮಹಡಿ ಮಟ್ಟಕ್ಕೆ ಬಂತು ಅಂತ."

"ಹಾಗಾದ್ರೆ ನಡುವೆ ಬಿಡೋದು ಬೇಡ" ಎಂದು ಅವಳು ಮತ್ತೆ ತಿರುಗಿಸಿದಳು. ಅವನು ಕನ್ನಡಕ ಹಾಕಿಕೊಂಡು ಹಗ್ಗ ನೋಡುತ್ತಾ ನಿಂತ. ಸ್ವಲ್ಪ, ಇನ್ನೂ ಸ್ವಲ್ಪ. ಮಾಸಿದ ಹಳದಿ ಗೆರೆ ಕಿಂಡಿಯಿಂದ ಮೇಲೆದ್ದು ಬಂದು ಕಂಬಿಗೆ ಸರಿಯಾಗಿ ನಿಂತಿತು.

"ಸಾಕು" ಎಂದ. ಬ್ರೇಕು ಕಚ್ಚಿಕೊಂಡಿತು.

ಆಮೇಲೆ ಜೇಬಿನಿಂದ ಫಾರಂ ತೆಗೆದು ಮೋಟಾರಿನ ಬೆನ್ನ ಮೇಲೆ ಹರಡಿ, 'ಈಗಲೇ ನಿವೃತ್ತಿ' ಎಂದಿದ್ದ ಮೊದಲನೆಯ ಚೌಕಕ್ಕೆ ಗುರುತು ಹಾಕಿದ. ಅಭ್ಯಾಸ ಬಲ ನೋಡಿ, ಅದರ ಮೇಲೆಯೇ ಇನ್ನೂ ಮೂರು ಸಲ ತಿದ್ದಿದ.